ಬಿ.ಜಿ.ಎಲ್. ಸ್ವಾಮಿಯವರ ಕಾಡು

ಬಿ.ಜಿ.ಎಲ್. ಸ್ವಾಮಿ (1918–1980) ಅವರನ್ನು ಕನ್ನಡಿಗರು ಬಹುಮಟ್ಟಿಗೆ ಡಿ.ವಿ.ಜಿ.ಯವರ ಮಗನೆಂದು, ‘ಹಸುರು ಹೊನ್ನು’ ಬರೆದವರೆಂದು ನೆನೆಯುತ್ತಾರೆ. ಹೊರದೇಶದ ಸಸ್ಯವಿಜ್ಞಾನಿಗಳು ನೆನೆಯುವ ಕಾರಣವೇ ಬೇರೆ: ಹೂಬಿಡುವ ಸಸ್ಯಗಳ ಉಗಮದ ಚರ್ಚೆ ಎದ್ದಾಗ, ಹಾರ್ವರ್ಡ್ ವಿಶ್ವವಿದ್ಯಾಲಯದ ಇರ್ವಿಂಗ್ ಬೈಲಿಯವರೂ ಸ್ವಾಮಿಯವರೂ ಸೇರಿ 1951ರಲ್ಲಿ ಪ್ರಕಟಿಸಿದ ಒಂದು ಲೇಖನದ ಪ್ರಸ್ತಾಪ ಇಂದಿಗೂ ಬರುತ್ತದೆ. ಆ ಲೇಖನವನ್ನು ಬಲ್ಲವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು, ‘ಹಸುರು ಹೊನ್ನು’ವನ್ನು ಮೆಚ್ಚಿದವರಲ್ಲಿ ಹೆಚ್ಚಿನವರು ಲೇಖನವನ್ನು ಕಂಡವರಲ್ಲ; ಹೀಗಾಗಿ ಒಬ್ಬರೇ ವ್ಯಕ್ತಿ ಎರಡು ಲೋಕಗಳಲ್ಲಿ ಇಬ್ಬರಾಗಿ ಉಳಿದಿದ್ದಾರೆ. ಈ ಇಬ್ಬರನ್ನೂ ಒಂದುಗೂಡಿಸುವ ತಾಣ ಅವರು ಪ್ರೀತಿಸಿ ಅಲೆದ ಕಾಡು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1947ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಪದವಿ ಪಡೆದ ಸ್ವಾಮಿಯವರ ಆರಂಭದ ಸಂಶೋಧನೆಯ ಮುಖ್ಯ ಭಾಗ ಸೀತಾಳೆಗಳ, ಎಂದರೆ ಆರ್ಕಿಡ್ ಕುಟುಂಬದ, ಭ್ರೂಣಶಾಸ್ತ್ರಕ್ಕೆ ಸೇರಿದ್ದು. ಭ್ರೂಣಶಾಸ್ತ್ರವೆಂದರೆ ಹೂವಿನ ಅಂಡಾಶಯದೊಳಗೆ ಬೀಜದ ಮೊಳಕೆ ಯಾವ ಕೋಶದಿಂದ ಹುಟ್ಟಿ ಹೇಗೆ ಬೆಳೆಯುತ್ತದೆ ಎಂಬುದನ್ನು ಹಂತಹಂತವಾಗಿ ಹಿಡಿಯುವ ವಿದ್ಯೆ. ಆರ್ಕಿಡ್‌ಗಳಲ್ಲಿ ಇದು ವಿಶೇಷವಾಗಿ ಕಷ್ಟದ ಕೆಲಸ. ಏಕೆಂದರೆ ಅನೇಕ ಜಾತಿಗಳಲ್ಲಿ ಹೂವು ಅರಳಿದಾಗ ಅಂಡಗಳು ಇನ್ನೂ ರೂಪುಗೊಂಡೇ ಇರುವುದಿಲ್ಲ, ಪರಾಗಸ್ಪರ್ಶವಾದ ಮೇಲೆ ಅವು ಬೆಳೆಯತೊಡಗಿ, ಗರ್ಭಧಾರಣೆಯಾಗುವ ವೇಳೆಗೆ ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಸಂಶೋಧಕನು ಪ್ರತಿಯೊಂದು ಹಂತದ ಅಂಡಾಶಯವನ್ನೂ ಸಮಯಕ್ಕೆ ಸರಿಯಾಗಿ ಸಂಗ್ರಹಿಸಿ, ಅದು ಬಾಡುವ ಮೊದಲೇ ಆಲ್ಕೊಹಾಲು, ಫಾರ್ಮಲಿನ್ ಮೊದಲಾದವು ಬೆರೆತ ದ್ರವದಲ್ಲಿ ಮುಳುಗಿಸಿ, ಆಮೇಲೆ ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಬೇಕು. ಗಿಡದ ಬಳಿಯಲ್ಲಿ ತಪ್ಪಿದ ಹಂತವನ್ನು ಪ್ರಯೋಗಶಾಲೆಯಲ್ಲಿ ಯಾವ ಉಪಕರಣವೂ ತುಂಬಿಕೊಡಲಾರದು. ಆರ್ಕಿಡ್ ಭ್ರೂಣಗಳನ್ನು ಕುರಿತು 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ಅವರ ಅಧ್ಯಯನದ ಹಿಂದೆ ಇಂಥ ತಾಳ್ಮೆಯಿದೆ.

ಹಾರ್ವರ್ಡಿನಲ್ಲಿ ಬೈಲಿಯವರೊಡನೆ ಅವರು ಕೈಹಾಕಿದ್ದು ಇನ್ನೂ ಹಳೆಯ ಪ್ರಶ್ನೆಗೆ. ಹೂವಿನ ನಡುವೆ ಬೀಜಗಳನ್ನು ಮುಚ್ಚಿಟ್ಟುಕೊಳ್ಳುವ ಪುಟ್ಟ ಕೋಶಕ್ಕೆ ಅಂಡಪತ್ರ ಎನ್ನುತ್ತಾರೆ. ಅದು ಮೂಲದಲ್ಲಿ ಯಾವ ರೂಪದ್ದಾಗಿತ್ತು ಎಂಬುದೇ ಆ ಪ್ರಶ್ನೆ. ಫಿಜಿ ದ್ವೀಪದ ಡಿಜೆನೇರಿಯ ಮತ್ತು ಡ್ರಿಮಿಸ್ ಬಳಗದಂಥ ಪುರಾತನ ಲಕ್ಷಣಗಳ ಮರಗಳಲ್ಲಿ ಅಂಡಪತ್ರವು ನಡುನರದ ಉದ್ದಕ್ಕೂ ಮಡಿಚಿದ ಎಲೆಯಂತಿದ್ದು, ಹೂವು ಅರಳಿದಾಗಲೂ ಅದರ ಅಂಚುಗಳು ಪೂರ್ತಿ ಬೆಸೆದುಕೊಂಡಿರುವುದಿಲ್ಲ, ಪರಾಗವನ್ನು ಹಿಡಿಯುವ ಭಾಗವು ತುದಿಯಲ್ಲಿರದೆ ಆ ಅಂಚುಗಳ ಗುಂಟ ಹಬ್ಬಿರುತ್ತದೆ. ಇಂದಿನ ಹೂಗಳ ಮುಚ್ಚಿದ ಅಂಡಕೋಶವು ಇಂಥ ಮಡಿಚಿದ ಎಲೆಯಿಂದ ಕ್ರಮೇಣ ರೂಪುಗೊಂಡಿತೆಂಬುದು 1951ರ ಲೇಖನದ ವಾದ. ಮುಂದೆ ಅದನ್ನು ಒಪ್ಪಿದವರೂ ಇದ್ದಾರೆ, ಪ್ರಶ್ನಿಸಿದವರೂ ಇದ್ದಾರೆ. ಆದರೆ ಚರ್ಚೆಗೆ ಇಳಿದವರು ಅದನ್ನು ದಾಟಿಕೊಂಡೇ ಹೋಗಬೇಕಾಯಿತು.

ಆದರೂ ಸ್ವಾಮಿಯವರ ಸ್ವಭಾವವನ್ನು ಹೆಚ್ಚು ಚೆನ್ನಾಗಿ ತೋರುವುದು ಸಾರ್ಕಾಂಡ್ರ ಎಂಬ ಪೊದೆಗಿಡದ ಅಧ್ಯಯನ. ಹೂಬಿಡುವ ಗಿಡಮರಗಳ ಕಾಂಡದಲ್ಲಿ ನೀರು ಮೇಲೇರುವುದು ಸಾಮಾನ್ಯವಾಗಿ ಒಂದರ ಮೇಲೊಂದು ಜೋಡಿಸಿಕೊಂಡ ಅಗಲವಾದ ನಾಳಗಳ ಮೂಲಕ. ಸಾರ್ಕಾಂಡ್ರದ ಕಾಂಡದಲ್ಲಿ ಇಂಥ ನಾಳಗಳಿಲ್ಲ, ನೀರೆಲ್ಲವೂ ತುದಿ ಮುಚ್ಚಿದ ಕಿರಿದಾದ ಕೋಶಗಳ ಮೂಲಕವೇ ಒಸರಿ ಏರುತ್ತದೆಂದು ಅವರೂ ಬೈಲಿಯವರೂ 1950ರಲ್ಲಿ ತೋರಿಸಿದರು. ಮೂರು ವರ್ಷಗಳ ನಂತರ ಸ್ವಾಮಿಯವರು ದಕ್ಷಿಣ ಭಾರತದ ಸಾರ್ಕಾಂಡ್ರವೊಂದನ್ನು ಹೊಸ ಜಾತಿಯೆಂದು ವರ್ಣಿಸಿ, ಗುರುಸಮಾನರಾದ ಬೈಲಿಯವರ ಹೆಸರನ್ನೇ ಅದಕ್ಕಿಟ್ಟರು. ಸಾರ್ಕಾಂಡ್ರದ ಬೇರಿನ ಕಟ್ಟಿಗೆಯಲ್ಲಿ ನಾಳಗಳುಂಟೆಂದು 1987ರಲ್ಲಿ ಬೇರೆ ವಿಜ್ಞಾನಿಯೊಬ್ಬರು ತೋರಿಸಿದ್ದಾರೆ. ಹಿಂದಿನವರ ಮಾತನ್ನು ಹೀಗೆ ತಿದ್ದಿ ಬೆಳೆಸುವುದು ವಿಜ್ಞಾನದ ಕ್ರಮ. ಹಾರ್ವರ್ಡಿನ ಕಪಾಟುಗಳಲ್ಲಿ ಲೋಕದ ಮೂಲೆಮೂಲೆಗಳಿಂದ ಬಂದ ಮಾದರಿಗಳನ್ನು ಸೀಳಿ ನೋಡಿದ ಕಣ್ಣು, ತಾಯ್ನಾಡಿಗೆ ಮರಳಿದ ಮೇಲೆ ಇಲ್ಲಿನ ಬೆಟ್ಟಗಾಡಿನ ನೆರಳಿನಲ್ಲಿ ಅದೇ ಪ್ರಶ್ನೆಯನ್ನು ಮುಂದುವರಿಸಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಅಲ್ಲಿಯೇ ಪ್ರಾಂಶುಪಾಲರೂ ಆದ ಸ್ವಾಮಿಯವರು, ವಿದ್ಯಾರ್ಥಿಗಳ ತಂಡಗಳೊಡನೆ ಕಾಡುಮೇಡುಗಳನ್ನು ಅಲೆದ ಅನುಭವವೇ 1976ರಲ್ಲಿ ‘ಹಸುರು ಹೊನ್ನು’ ಆಗಿ ಹೊರಬಂದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಅದರ ಹಾಸ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಿಕೆ ನ್ಯಾಯವಾದದ್ದೇ. ಆದರೆ ನಗೆಯ ನಡುನಡುವೆ ಗಿಡದ ಎಲೆ, ಹೂವು, ಕಾಯಿಗಳು ಎಷ್ಟು ಖಚಿತವಾಗಿ ವರ್ಣಿತವಾಗಿವೆ, ಲೇಖಕರೇ ಬರೆದ ರೇಖಾಚಿತ್ರಗಳು ಆ ವರ್ಣನೆಗೆ ಎಷ್ಟು ಹೊಂದಿಕೊಂಡಿವೆ ಎಂಬುದನ್ನು ಗಮನಿಸಿದವರು ಕಡಿಮೆ. ವಿಜ್ಞಾನದಿಂದ ಬಿಡುವು ಪಡೆದು ಬರೆದ ಪ್ರವಾಸಕಥನವೆಂದು ಆ ಪುಸ್ತಕವನ್ನು ಓದುವುದು ತಪ್ಪು. ಆರ್ಕಿಡ್‌ನ ಅಂಡವನ್ನು ನೋಡಿದ ನಿಷ್ಠೆಯಿಂದಲೇ ಅಲ್ಲಿ ಕಾಡನ್ನೂ, ಕಾಡಿನಲ್ಲಿ ಎಡವುತ್ತ ಕಲಿಯುವ ಹುಡುಗರನ್ನೂ ನೋಡಲಾಗಿದೆ. ಮೆಣಸಿನಕಾಯಿ, ಆಲೂಗೆಡ್ಡೆಗಳಂಥ ಪರದೇಶದ ಬೆಳೆಗಳು ನಮ್ಮ ಅಡುಗೆಮನೆಯನ್ನು ಹೊಕ್ಕ ಕಥೆಯನ್ನು ಹೇಳುವ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಕೃತಿಯಲ್ಲಿಯೂ ಇದೇ ನಿಷ್ಠೆ ಕಾಣುತ್ತದೆ.

ಇಂದಿನ ಸಸ್ಯಶಾಸ್ತ್ರದ ಅಧ್ಯಾಪಕರು ‘ಹಸುರು ಹೊನ್ನು’ವನ್ನು ಕನ್ನಡ ವಿಭಾಗದವರ ಪಾಲಿಗೆ ಬಿಟ್ಟುಕೊಡದೆ ತಮ್ಮ ವಿದ್ಯಾರ್ಥಿಗಳ ಕೈಗೂ ಕೊಡಬೇಕು, ಕೊಟ್ಟ ಮೇಲೆ, ಮಳೆ ನಿಂತು ಗಿಡಗಳು ಹೂಬಿಟ್ಟಿರುವಾಗ, ಒಂದೊಂದು ಭೂತಗನ್ನಡಿಯ ಸಹಿತ ಅವರನ್ನು ಹತ್ತಿರದ ಕಾಡಿಗೆ ಕರೆದೊಯ್ಯಬೇಕು.