ವಚನಗಾಯನ: ನಮ್ಮ ಮೆಚ್ಚುಗೆ
ತಲಘಟ್ಟಪುರದ ನಮ್ಮ ಮನೆಯಲ್ಲಿ ವಚನಗಾಯನದ ಧ್ವನಿಸುರುಳಿಗಳು ಹಲವಿವೆ. ಅವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುದು ಮಲ್ಲಿಕಾರ್ಜುನ ಮನಸೂರರು (1910–1992) ಹಾಡಿದ ಅಕ್ಕಮಹಾದೇವಿಯ ಕನಸಿನ ವಚನ. ಜೈಪುರ-ಅತ್ರೌಲಿ ಘರಾಣೆಯ ಜಟಿಲ ರಾಗಗಳನ್ನು ಲೀಲೆಯಿಂದ ನಿರ್ವಹಿಸುತ್ತಿದ್ದ ಆ ಕಂಠ ಇಲ್ಲಿ ಮಾತಿನ ಮುಂದೆ ಬಾಗಿ ನಿಲ್ಲುತ್ತದೆ. ಬಸವರಾಜ ರಾಜಗುರುಗಳದು ಮಾಧುರ್ಯದ ಮಾರ್ಗ. ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲವೇ! ಆದರೂ ರಾತ್ರಿಯ ಹೊತ್ತು ನಮ್ಮ ಕೈ ಮನಸೂರರ ಸುರುಳಿಯತ್ತಲೇ ಹೋಗುತ್ತದೆ.

ಈಚಿನ ಕೆಲವು ಗಾಯನಗಳಲ್ಲಿ ಕೀಬೋರ್ಡಿನ ಗದ್ದಲಕ್ಕೆ ಅಂಕಿತವೇ ಕರಗಿಹೋಗುತ್ತದೆ. ಮಠದಲ್ಲಿ ವಚನವನ್ನು ಬಿಡಿಸಿ ಓದಿ ಕಲಿತ ನಮಗೆ ಅದು ಸಹ್ಯವಲ್ಲ. ಪಲ್ಲವಿ-ಚರಣಗಳಾಗಿ ಒಡೆದರೆ ಅರ್ಥದ ಎಳೆ ಹರಿಯುತ್ತದೆ.

ನಮ್ಮ ಮೊಮ್ಮಗಳು ಇದನ್ನು ಒಪ್ಪಳು. ಅಂತಹುದೇ ಹಾಡನ್ನು ಮೊಬೈಲಿನಲ್ಲಿ ಕೇಳಿ ವಚನವೊಂದನ್ನು ಕಂಠಸ್ಥ ಮಾಡಿದ್ದಾಳೆ, ಒಂದಕ್ಷರವೂ ತಪ್ಪಿಲ್ಲ. ಅವಳಿಗೆ ಕೊಡಬೇಕಾದ ಉತ್ತರ ನಮಗಿನ್ನೂ ದೊರೆತಿಲ್ಲ.