ಹದಿಮೂರು ಅಂಗಿಗಳ ಆಟಗಾರ

ವರ್ಗವಾಗುವ ನೌಕರಿಯ ಕಷ್ಟ ಅನುಭವಿಸಿದವರಿಗೇ ಗೊತ್ತು. ಹೊಸ ಊರಿನ ಬೀದಿಗಳು ಪರಿಚಯವಾಗುವಷ್ಟರಲ್ಲಿ ಮತ್ತೆ ಗಂಟು ಕಟ್ಟಬೇಕು. ಹಾಗಿರುವಾಗ 15 ವರ್ಷಗಳಲ್ಲಿ 13 ತಂಡಗಳ ಅಂಗಿ ತೊಟ್ಟವನ ಪಾಡೇನು? ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಅಂಥವನೊಬ್ಬನಿದ್ದ. ಆತನ ಹೆಸರು ಒಕ್ಟಾವಿಯೊ ಡೊಟೆಲ್.

ಡೊಟೆಲ್ ಹುಟ್ಟಿದ್ದು 1973ರಲ್ಲಿ, ಡೊಮಿನಿಕನ್ ಗಣರಾಜ್ಯದ ರಾಜಧಾನಿಯಾದ ಸಾಂಟೊ ಡೊಮಿಂಗೊದಲ್ಲಿ. 1999ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಸೇರಿ, ಮರುವರ್ಷವೇ ಹ್ಯೂಸ್ಟನ್ನಿಗೆ ಹೋದ. ಚೆಂಡೆಸೆಯುವ ಪಿಚರನಾಗಿ ಆಟವನ್ನು ಆರಂಭಿಸುತ್ತಿದ್ದವನು ಅಲ್ಲಿ ‘ರಿಲೀಫ್ ಪಿಚರ್’ ಆದ.

ಈ ಕೆಲಸ ವಿಚಿತ್ರವಾದುದು. ಮೊದಲಿನ ಪಿಚರ್ ದಣಿದಾಗಲೋ ಹೊಡೆತ ತಿಂದಾಗಲೋ, ಮೈದಾನದ ಅಂಚಿನಲ್ಲಿ ಗಂಟೆಗಟ್ಟಲೆ ಕಾದು ಕುಳಿತವನಿಗೆ ಕರೆ ಬರುತ್ತದೆ. ಇನ್ನೊಬ್ಬನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕೆಲವೇ ಎಸೆತಗಳಲ್ಲಿ ಸರಿಪಡಿಸಬೇಕು. ಗೆದ್ದರೆ ಕೀರ್ತಿ ಹಲವರಿಗೆ ಹಂಚಿಹೋಗುತ್ತದೆ. ಸೋತರೆ ದೂರು ಒಬ್ಬನದೇ. 2003ರ ಜೂನ್ 11ರಂದು ಹ್ಯೂಸ್ಟನ್ನಿನ ಆರು ಮಂದಿ ಪಿಚರುಗಳು ಒಬ್ಬರಾದ ಮೇಲೊಬ್ಬರು ಎಸೆದು, ಬಲಿಷ್ಠ ಯಾಂಕೀಸ್ ತಂಡಕ್ಕೆ ಒಂದು ಹಿಟ್ಟನ್ನೂ ಬಿಟ್ಟುಕೊಡಲಿಲ್ಲ. ಆ ಆರರಲ್ಲಿ ಐದನೆಯವನು ಡೊಟೆಲ್.

2005ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಗುಣಹೊಂದಿ ಬಂದವನಿಗೆ ಅಲೆದಾಟ ಇನ್ನೂ ಹೆಚ್ಚಿತು. 2010 ಒಂದರಲ್ಲೇ ಪಿಟ್ಸ್‌ಬರ್ಗ್, ಲಾಸ್ ಏಂಜಲಿಸ್, ಕೊಲೊರಾಡೊ ಎಂದು ಮೂರು ಅಂಗಿಗಳು! 2011ರ ಜುಲೈಯಲ್ಲಿ ಟೊರಾಂಟೊ ತಂಡ ಆತನನ್ನು ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟಿತು. ಅದೇ ಒಪ್ಪಂದದಲ್ಲಿ ಎಡ್ವಿನ್ ಜ್ಯಾಕ್ಸನ್ ಎಂಬ ಇನ್ನೊಬ್ಬ ಪಿಚರನೂ ಜೊತೆಗೆ ಹೋದ. ಸುಮಾರು ಮೂರು ತಿಂಗಳಲ್ಲಿ ಆ ತಂಡ ವಿಶ್ವ ಸರಣಿಯನ್ನು ಗೆದ್ದಿತು. 2012ರಲ್ಲಿ ಡೆಟ್ರಾಯಿಟ್ ಸೇರಿದಾಗ 13 ತಂಡಗಳ ದಾಖಲೆ ಡೊಟೆಲನದಾಯಿತು. 2019ರಲ್ಲಿ 14ನೆಯ ಅಂಗಿ ತೊಟ್ಟು ಅದನ್ನು ಮುರಿದವನು ಬೇರೆ ಯಾರೂ ಅಲ್ಲ, ಆ ಜ್ಯಾಕ್ಸನ್ನನೇ.

ಇಷ್ಟು ಕಡೆ ನಿಲ್ಲಲಾಗದವನನ್ನು ನತದೃಷ್ಟ ಎನ್ನಬಹುದೇ? ಬಿಟ್ಟುಕೊಟ್ಟವರನ್ನು ಎಣಿಸುವಾಗ, ಬೇಕೆಂದು ಕರೆದವರನ್ನೂ ಎಣಿಸಬೇಕು. ಬೇಡವಾದವನನ್ನು 13 ಮನೆಗಳು ಬಾಗಿಲು ತೆರೆದು ಕರೆಯುವುದಿಲ್ಲ.

ಯಾವ ಒಪ್ಪಂದಕ್ಕೂ ಸಿಕ್ಕದ ಅಂಗಿಯೊಂದಿತ್ತು, ಅದು ತಾಯ್ನಾಡಿನದು. 2013ರ ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ಪಂದ್ಯಾವಳಿಯಲ್ಲಿ ಡೊಮಿನಿಕನ್ ತಂಡ ಎಂಟಕ್ಕೆ ಎಂಟೂ ಆಟಗಳನ್ನು ಗೆದ್ದಾಗ, 39ರ ಡೊಟೆಲ್ ಅದನ್ನು ತೊಟ್ಟಿದ್ದ. ಅಮೆರಿಕದ ಮೈದಾನಗಳಲ್ಲಿ ಆತನ ಕೊನೆಯ ಆಟವೂ ಅದೇ ವರ್ಷ ಮುಗಿಯಿತು.

2025ರ ಏಪ್ರಿಲ್ 8ರ ನಸುಕಿನಲ್ಲಿ ಸಾಂಟೊ ಡೊಮಿಂಗೊದ ‘ಜೆಟ್ ಸೆಟ್’ ಎಂಬ ನೈಟ್‌ಕ್ಲಬ್ಬಿನಲ್ಲಿ, ಹಾಡು ನಡೆಯುತ್ತಿರುವಾಗಲೇ ಛಾವಣಿ ಕುಸಿದುಬಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವಶೇಷದಡಿಯಿಂದ ಜೀವಸಹಿತ ಹೊರತೆಗೆದ ಡೊಟೆಲ್ ಕೂಡ ಉಳಿಯಲಿಲ್ಲ. ಆಗ ವಯಸ್ಸು 51. ಒಂದು ಕಾಲಕ್ಕೆ ಆತನನ್ನು ಬಿಟ್ಟುಕೊಟ್ಟ ಹಲವು ತಂಡಗಳು ಅಂದು ತಮ್ಮವನೆಂದೇ ದುಃಖಿಸಿದವು. ಊರೂರು ಅಲೆದವನು ಕಣ್ಣು ಮುಚ್ಚಿದ್ದು ಮಾತ್ರ ಹುಟ್ಟಿದ ಊರಿನಲ್ಲಿ.