ನಾಲೆ ನೀರಿಗೆ ರಿಮೈಂಡರ್ ಇಡೋದು ಹೇಗೆ?

ಸೆಮಿಸ್ಟರ್ ಶುರುವಾದ್ರೆ ಸಾಕು, ಹಾಸ್ಟೆಲ್‌ನಲ್ಲಿ ಎಲ್ಲರ ಮೊಬೈಲಿಗೂ ಒಂದು ಹೊಸ ಪ್ಲಾನರ್ ಆ್ಯಪ್ ಬರುತ್ತೆ. ಮೊದಲ ಇಂಟರ್ನಲ್ಸ್ ಹೊತ್ತಿಗೆ ಅದು ಮೂಲೆ ಸೇರಿರುತ್ತೆ. ಕತ್ತಲಗೆರೆ ಕಡೆಯಿಂದ ಬಂದ ನಾವು ನಾಲ್ಕು ಜನ ಈ ಸಲ ಯಾವ ಆ್ಯಪ್ ಅಂತ ಕೇಳೋ ಮೊದಲು, ನಮ್ಮ ದಿನ ಹೇಗಿದೆ ಅಂತ ನೋಡಿದೆವು.

ಅರ್ಧ ದಿನ ಗಡಿಯಾರದ್ದು: ಕ್ಲಾಸು, ಲ್ಯಾಬು, ಅಸೈನ್‌ಮೆಂಟು. ಶೇಕಡಾ 85 ಹಾಜರಿ ಬೇಕೇ ಬೇಕು. ಇನ್ನರ್ಧ ಊರಿನದ್ದು. ಭದ್ರಾ ನಾಲೆಗೆ ನೀರು ಬಿಟ್ಟರೆ ನಾಟಿ. ಅಡಿಕೆ ಕೊಯ್ಲು ಬಂದರೆ ಸುಲಿಯೋದು, ಬೇಯಿಸೋದು, ಒಣಗಿಸೋದು. ಮಧ್ಯೆ ಮೋಡ ಕವಿದರೆ ಎಲ್ಲಾ ಮುಂದಕ್ಕೆ. "ಶನಿವಾರ ಬರ್ತೀಯೇನೋ?" ಅಂತ ಅಪ್ಪ ಫೋನ್ ಮಾಡಿದಾಗ ಸೋಮವಾರದ ಟೆಸ್ಟನ್ನೂ ಲೆಕ್ಕಕ್ಕೆ ಹಿಡೀಬೇಕು. ಬರಲ್ಲ ಅಂದ್ರೆ ಮನೆಗೆ ಒಂದಾಳಿನ ಕೂಲಿ ಹೆಚ್ಚು. ಬರ್ತೀನಿ ಅಂದ್ರೆ ಎರಡು ಮಾಡ್ಯೂಲ್ ಬಾಕಿ.

ಊರಿನ ಹಿರಿಯರ ಪ್ಲಾನರ್ ಮಳೆ ನಕ್ಷತ್ರ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಸುಮಾರು 13-14 ದಿನ. 'ಆರಿದ್ರದಲ್ಲಿ ಈ ಕೆಲಸ' ಅಂದ್ರೆ ಅದು ತಾರೀಖಲ್ಲ, ಅವಧಿ. ಹದ ನೋಡಿ ಅದರೊಳಗೆ ಯಾವತ್ತು ಮಾಡಿದರೂ ಆಯ್ತು. ಆ್ಯಪ್‌ಗಳು ಹಾಗಲ್ಲ, ತಾರೀಖು ದಾಟಿತೋ ಕೆಂಪು ಅಕ್ಷರ!

ಅದಕ್ಕೇ ಕೆಲಸವನ್ನು ಎರಡು ಪಾಲು ಮಾಡಿದೆವು. ಕದಲದೇ ಇರೋದೆಲ್ಲ, ಅಂದ್ರೆ ಟೆಸ್ಟು, ಲ್ಯಾಬು, ಫೀಸಿನ ಕೊನೆ ದಿನ, ಗೂಗಲ್ ಕ್ಯಾಲೆಂಡರ್‌ಗೆ; ನಾಲ್ವರಿಗೂ ಒಂದೇ ಕ್ಯಾಲೆಂಡರ್. ಕದಲೋದು ಮೈಕ್ರೋಸಾಫ್ಟ್ ಟು ಡೂಗೆ, ತಾರೀಖಿಲ್ಲದೆ. ಅದರಲ್ಲಿ ಇವತ್ತಿನ ಕೆಲಸಕ್ಕೇ ಬೇರೆ ಪಟ್ಟಿ ಇದೆ; ರಾತ್ರಿ ಕಳೆದರೆ ತಾನೇ ಖಾಲಿಯಾಗುತ್ತೆ. ಬೆಳಿಗ್ಗೆ ಟೀ ಕುಡೀತಾ ಮೂರೇ ಮೂರು ಕೆಲಸ ಅದಕ್ಕೆ ಹಾಕ್ತೀವಿ. ಉಳಿದಿದ್ದು ಎಲ್ಲೂ ಹೋಗಲ್ಲ, ಮೂಲ ಪಟ್ಟಿಯಲ್ಲೇ ಇರುತ್ತೆ. ನೋಷನ್ ಚಂದ, ಆದ್ರೆ ಅದನ್ನು ಸಿಂಗರಿಸೋದ್ರಲ್ಲೇ ಸಂಜೆ ಮುಗಿಯುತ್ತೆ.

ಇನ್ನೊಂದು ಮಾತು. ವಂಡರ್‌ಲಿಸ್ಟ್ ಅಂತ ಬಹಳ ಹೆಸರು ಮಾಡಿದ ಆ್ಯಪ್ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2020ರ ಮೇನಲ್ಲಿ ಮುಚ್ಚಿತು. ಹಾಗಾಗಿ ಯಾವ ಆ್ಯಪ್ ಹಿಡಿದರೂ ನಿಮ್ಮ ಪಟ್ಟಿಯನ್ನು ಹೊರಗೆ ತೆಗೆಯೋಕೆ ದಾರಿ ಇದೆಯಾ ನೋಡಿಕೊಳ್ಳಿ. ನೆಟ್‌ವರ್ಕ್ ಇಲ್ಲದ ತೋಟದಲ್ಲೂ ತೆರೆದುಕೊಳ್ಳುತ್ತಾ ಅಂತಾನೂ ನೋಡಿ.

ಈಗ ಅಪ್ಪ ಕೇಳಿದರೆ "ನೋಡ್ತೀನಿ" ಅನ್ನಲ್ಲ. ಈ ವಾರ ಆಗಲ್ಲ, ಮುಂದಿನ ಭಾನುವಾರ ಖಂಡಿತ ಅಂತೀವಿ. ಅವರೂ ಆಳುಗಳಿಗೆ ಮೊದಲೇ ಹೇಳಿಡ್ತಾರೆ. ಆ್ಯಪ್‌ನಿಂದ ನಮಗೆ ಬೇಕಿದ್ದುದೂ ಇಷ್ಟೇ.